ವತ್ತಲಗುಂಡಿನಲ್ಲಿ ಇಳಿದವಳು

ವೀರಮ್ಮಾಳ್ ನೆಟ್ಟಗೆ ನಿಂತದ್ದನ್ನು ಓಡೈಪಟ್ಟಿಯಲ್ಲಿ ಕಂಡವರು ಕಡಿಮೆ. ದ್ರಾಕ್ಷಿಯ ಪಂದಲು ಅವಳ ತಲೆಗಿಂತ ಒಂದು ಗೇಣು ತಗ್ಗು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಆ ಚಪ್ಪರದ ಕೆಳಗೆ ಕತ್ತು ಬಗ್ಗಿಸಿಕೊಂಡು ಕೊಂಬೆ ಕತ್ತರಿಸಿ, ಗೊಂಚಲು ಬಿಡಿಸಿ, ಬಯಲಿಗೆ ಬಂದಾಗಲೂ ತಲೆ ಮುಂದಕ್ಕೆ ಚಾಚಿಕೊಂಡೇ ನಡೆಯುತ್ತಾಳೆ. ಗೊತ್ತಿಲ್ಲದವರು ಜಗಳಕ್ಕೆ ಬರುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಗೊತ್ತಿರುವವರೂ ಹಾಗೇ ಅಂದುಕೊಳ್ಳುತ್ತಾರೆ, ಬಹಳ ಸಲ ಅದು ನಿಜವೂ ಹೌದು.

ಅವಳು ಕೊಯ್ಲಿನ ಹೆಂಗಸರ ಒಂದು ಗುಂಪಿಗೆ ಮೇಸ್ತ್ರಿ. ಗಂಡ ಸೇಕರ್ ಕುಮುಳಿಯ ಮೇಲಿನ ಏಲಕ್ಕಿ ತೋಟಕ್ಕೆ ಕೂಲಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ವೀರಮ್ಮಾಳ್ ಅತ್ತಳೋ ಇಲ್ಲವೋ ಯಾರೂ ಕಾಣಲಿಲ್ಲ. ಅವನು ಬಿಟ್ಟುಹೋದ ಶರ್ಟು ಪಂಚೆಯನ್ನು ಗಿಳಿ ಓಡಿಸುವ ಬೆದರುಗೊಂಬೆಗೆ ತೊಡಿಸಿದ್ದನ್ನು ಎಲ್ಲರೂ ಕಂಡರು. ಒಬ್ಬಳೇ ಮಗಳು ತೇನ್‌ಮೊಳಿ, ದಿಂಡಿಗಲ್ಲಿನಲ್ಲಿ ನರ್ಸಿಂಗ್ ಓದುತ್ತಾಳೆ. ತಾಯಿ ಕನ್ನಡದಲ್ಲಿ ಬಯ್ದರೆ ಮಗಳು ತಮಿಳಿನಲ್ಲಿ ತಿರುಗಿ ಬಯ್ಯುತ್ತಾಳೆ. ಅವರ ಸಂಸಾರ ಹಾಗೆ ನಡೆದಿತ್ತು.

ಅವರದು ಕನ್ನಡ ಮಾತಿನ ಒಕ್ಕಲು ಮನೆತನ. ಕಂಬಂ ಕಣಿವೆಗೆ ಯಾವ ಕಾಲದಲ್ಲಿ ಬಂದದ್ದೋ ಅವರಿಗೇ ನೆನಪಿಲ್ಲ. ಶಾಲೆ, ಪಡಿತರ, ಪಟ್ಟಾ, ಬೀದಿ ಜಗಳ ಎಲ್ಲ ತಮಿಳಿನಲ್ಲಿ. ಮನೆಯೊಳಗೆ ಮಾತ್ರ ತಮಿಳು ಮೆತ್ತಿಕೊಂಡ ಒಂದು ಹಳೆಯ ಕನ್ನಡ. ಅದಕ್ಕೆ ಇನ್ನೊಂದು ಉಪಯೋಗವೂ ಉಂಟು. ಮಂಡಿಯಲ್ಲಿ ಮಲಯಾಳಿ ವ್ಯಾಪಾರಿ ಎದುರಿಗೇ ಕೂತಿರುವಾಗ, ಯಾವ ಬೆಲೆಗೆ ಇಳಿಯಬಹುದು ಎಂದು ಅಣ್ಣತಮ್ಮಂದಿರು ಗಟ್ಟಿಯಾಗಿಯೇ ಮಾತಾಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕದವಳ ಸೀರೆಯನ್ನು ಅವಳ ಮುಖ ನೋಡಿಕೊಂಡೇ ಆಡಿಕೊಳ್ಳುತ್ತಾರೆ. ಈ ಮಾತು ಬಾಯಿಗೆ ಬಂತೆಂದರೆ ಸುತ್ತ ನಾಲ್ಕು ಗೋಡೆ ಎದ್ದವು ಎಂದೇ ಅವರ ಎಣಿಕೆ. ತಲೆಮಾರುಗಳಿಂದ ಹೀಗೆ ಬದುಕಿದ್ದಕ್ಕೆ ಗುಟ್ಟನ್ನು ಕಿವಿಯಲ್ಲಿ ಹೇಳುವ ಅಭ್ಯಾಸವೇ ಇವರಿಗೆ ಹತ್ತಿಲ್ಲ.

ಆ ಗೋಡೆಯೊಳಕ್ಕೆ ಹೊರಗಿನಿಂದ ಬಂದವನು ಅಳಗರ್ ಒಬ್ಬನೇ. ಅವನಪ್ಪ ಊರಾಚೆಯ ದಲಿತರ ಕೇರಿಯಿಂದ, ಚೇರಿಯಿಂದ, ಬಂದು ವೀರಮ್ಮಾಳ ಅಪ್ಪನ ತೋಟದಲ್ಲಿ ಕೂಲಿ ಮಾಡುತ್ತಿದ್ದ. ಪಕ್ಕದ ತೋಟದ ಲೋಗೇಶ್, ವೀರಮ್ಮಾಳ್, ಅಳಗರ್ ಮೂವರೂ ಒಂದೇ ವಾರಗೆ. ಪಂದಲಿನ ಕೆಳಗೆ ಅಂಗಾತ ಮಲಗಿ, ಕೈ ಹಚ್ಚದೆ ಬಾಯಿಂದಲೇ ಹಣ್ಣು ಕಿತ್ತು ತಿನ್ನುವುದು ಅವರ ಆಟ. ಅಡಿಗೆಮನೆಗೆ ಬಿಡದವರು ಅಳಗನನ್ನು ಮಾತಿನೊಳಕ್ಕೆ ಬಿಟ್ಟಿದ್ದರು, ಯಾಕೆಂದರೆ ಮಾತಿಗೆ ಹೊಸಿಲಿಲ್ಲ. ಅವನ ಕನ್ನಡ ಲೋಗೇಶನದಕ್ಕಿಂತ ಚೊಕ್ಕವಾಗಿತ್ತು. ಅವನಿಗೆ ಬಂದಂತೆ ಬೇರೆಯವರಿಗೂ ಬರಬಹುದು ಎಂಬ ಯೋಚನೆ ಮಾತ್ರ ಆ ಮನೆಗಳಲ್ಲಿ ಯಾರಿಗೂ ಹೊಳೆಯಲಿಲ್ಲ. ಅಳಗ ನಮ್ಮವನಾಗಿಬಿಟ್ಟ ಅಂದುಕೊಂಡರು, ಅಷ್ಟೇ.

ದೊಡ್ಡವರಾದ ಮೇಲೆ ಲೋಗೇಶ್ ಚಿನ್ನಮನೂರಿನಲ್ಲಿ ದ್ರಾಕ್ಷಿ ಮಂಡಿ ಇಟ್ಟ. ಅಳಗರ್ ಕೂಲಿಯವರ ಸಂಘ ಕಟ್ಟಿದ. ಊರಿನ ಮೇಲಣ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಬಂದು, ಸಿಡಿಮದ್ದಿಗೆ ಬಾವಿಗಳು ಬಿರುಕು ಬಿಟ್ಟು, ದೂಳು ಕೂತು ದ್ರಾಕ್ಷಿಯ ಹೂವು ಉದುರತೊಡಗಿದಾಗ ಕ್ವಾರಿಯ ದಾರಿಗೆ ಅಡ್ಡ ಕೂತವರಲ್ಲಿ ಅವನೇ ಮುಂದು. ಸಂಘದವರು ನಾವೆಲ್ಲ ಅವನ ಬೆನ್ನಿಗಿದ್ದೆವು. ಬೆನ್ನಿಗಿದ್ದವರಿಗೆ ಏನೂ ಆಗುವುದಿಲ್ಲ, ಮುಂದಿದ್ದವನಿಗೆ ಆಗುತ್ತದೆ.

ಮಾರ್ಗಳಿ ತಿಂಗಳ ಚಳಿಯ ಒಂದು ಮುಂಜಾನೆ ವೀರಮ್ಮಾಳ್ ರಸ್ತೆ ಪಕ್ಕದ ತೋಟದಲ್ಲಿ ಟ್ರೇಗಳನ್ನು ಜೋಡಿಸುತ್ತಿದ್ದಳು. ಹೆಂಗಸರು ಇನ್ನೂ ಬಂದಿರಲಿಲ್ಲ. ಅಳಗನ ಬೈಕಿನ ಸದ್ದು ಕೇಳಿ ಪಂದಲಿನ ಕೆಳಗಿಂದ ಬಗ್ಗಿ ನೋಡಿದಳು. ಕ್ವಾರಿಯ ಟಿಪ್ಪರ್ ಲಾರಿ ಎದುರಿಂದ ಬಂದು ಅವನಿಗೆ ಹೊಡೆಯಿತು, ನಿಂತಿತು. ಕ್ಲೀನರ್ ಇಳಿದು ಬಗ್ಗಿ ನೋಡಿ ಡ್ರೈವರನಿಗೆ ಕೈ ಆಡಿಸಿದ. ಲಾರಿ ಹಿಂದಕ್ಕೆ ಬಂತು. ಅಳಗನ ಮೇಲೆ ಹಿಂದಕ್ಕೆ ಬಂತು.

ಠಾಣೆಯವರು ಅದನ್ನು ಅಪಘಾತ ಎಂದು ಬರೆದುಕೊಂಡರು. ಹೆಣ ಮಣ್ಣಾದ ದಿನ ಚೇರಿಯ ಸುಡುಗಾಡಿನಿಂದ ವಾಪಸು ಬರುವಾಗ ವೀರಮ್ಮಾಳ್ ಲೋಗೇಶನನ್ನು ನಿಲ್ಲಿಸಿದಳು.

"ಲೋಗಾ, ನಾ ಕಂಡೆ. ಲಾರಿ ಇಂದುಕ್ ಬಂದು ಅತ್ತಿಸ್ತು."

ಲೋಗೇಶ್ ಮೊದಲು ಸುತ್ತ ನೋಡಿದ.

"ಇನ್ಯಾರ್ಗ್ ಯೋಳ್ದೆ?"

"ನಿಂಗೇ ಮೊದ್ಲು."

"ಅಂಗಾದ್ರೆ ಕಡೇದೂ ನಂಗೇ ಆಗ್ಲಿ ವೀರಾ. ನಿನ್ ಮಗ್ಳವ್ಳೆ."

ಹೆದರಿಕೊಂಡ ಸ್ನೇಹಿತನ ಮಾತು ಅದು ಎಂದು ಆಗ ಅನ್ನಿಸಿತು. ಅದೇ ಮಾತನ್ನು ಮುಂದೆ ಅವಳು ನೂರು ಸಲ ಮಗುಚಿ ನೋಡಿದಳು. ಪ್ರತಿ ಸಲವೂ ಅದರ ಬಣ್ಣ ಸ್ವಲ್ಪ ಸ್ವಲ್ಪ ಬದಲಾಗಿ ಕಂಡಿತು.

ಅವಳು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಸಂಘದ ಕೇಸುಗಳನ್ನು ನೋಡುತ್ತಿದ್ದ ದಿಂಡಿಗಲ್ಲಿನ ವಕೀಲೆ ಮುತ್ತುಸೆಲ್ವಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ತೇನಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅವಳ ಹೇಳಿಕೆ ದಾಖಲಾಗಬೇಕೆಂದು ವಕೀಲೆ ಆದೇಶ ತಂದರು. ಅದೊಂದು ದಾಖಲಾದರೆ ಅಪಘಾತ ಕೊಲೆಯಾಗುತ್ತದೆ. ದಾಖಲಾಗುವ ಮೊದಲು ಅವಳು ಇಲ್ಲವಾದರೆ ಕ್ವಾರಿಯ ಮುದಲಾಳಿಗೆ, ಅಂದರೆ ಅದರ ಮಾಲೀಕನಿಗೆ, ಏನೂ ಆಗುವುದಿಲ್ಲ, ಬೇರೆ ಕಣ್ಣು ಕಂಡಿಲ್ಲ. ಅವಳಿಗೆ ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿದ್ದಕ್ಕೆ ಒಬ್ಬ ಕಾನ್ಸ್‌ಟೇಬಲ್ ಬಂದ. ಓಡೈಪಟ್ಟಿಯ ಅವಳ ಖಾಲಿ ಮನೆಯ ಜಗಲಿಯಲ್ಲಿ ಕೂತು ಫೋನು ನೋಡಿಕೊಂಡು ಹೋದ.

ಅದಕ್ಕೆ ಮುಂಚೆಯೇ ಲೋಗೇಶ್ ತಾನಾಗಿ ಬಂದಿದ್ದ. ನೀನು ಕೇಳುವುದಿಲ್ಲ ಅಂತ ಗೊತ್ತು, ಕೋರ್ಟಿನ ದಿನದವರೆಗೆ ಊರಲ್ಲಿರಬೇಡ ಅಂದ. ಒಂದು ಬಾಡಿಗೆ ಕಾರು ಗೊತ್ತು ಮಾಡಿದ. ಅದರ ಡ್ರೈವರ್ ಕರುಪ್ಪಸಾಮಿ, ಮೂವತ್ತರ ಆಸುಪಾಸಿನವನು, ಮಾತು ಕಡಿಮೆ, ಮಾತಾಡಿದರೆ ಮೆತ್ತಗಿನ ತಮಿಳು. ಸೀಟಿನ ಹಿಂದೆ ನೀರಿನ ಬಾಟಲಿ ತುಂಬಿಸಿಟ್ಟಿರುತ್ತಿದ್ದ. ಹಿಂದಿನ ಸೀಟಿನಲ್ಲಿ ವೀರಮ್ಮಾಳ್, ಲೋಗೇಶ್ ಇಬ್ಬರೂ ಎಲ್ಲಿಗೆ ಹೋಗುವುದು, ಯಾರ ಮನೆ, ಎಷ್ಟು ದಿನ ಎಂದೆಲ್ಲ ಮಾತಾಡಿಕೊಂಡರು, ತಮ್ಮ ಮಾತಿನಲ್ಲಿ, ಗಟ್ಟಿಯಾಗಿ.

ಮೊದಲು ಚಿನ್ನಾಳಪಟ್ಟಿ. ಅಲ್ಲಿ ಲೋಗೇಶನಿಗೆ ಪರಿಚಯದ ನೇಕಾರರ ಮುದುಕಿ ಪಾಪಮ್ಮಾಳ್ ಒಬ್ಬಳೇ ಇದ್ದಳು. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂದೆ ಒಂದು ಕತ್ತಲೆ ಕೋಣೆ. ವೀರಮ್ಮಾಳ್ ಹೋದ ಮಾರನೆಯ ಬೆಳಿಗ್ಗೆಯೇ ಒಬ್ಬ ಬಂದ. ಸೀರೆ ಬೇಕು ಅಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕಾರಿನ ಬೀಗದ ಕೈ. ಒಂದೊಂದೇ ಸೀರೆಯನ್ನು ಬೆಳಕಿಗೆ ಹಿಡಿದು, ಅಂಚು ಸವರಿ, ಕೊನೆಗೆ ಒಂದು ಹಸಿರು ಸುಂಗುಡಿ ಸೀರೆ ಆರಿಸಿದ. ದುಡ್ಡು ಕೊಟ್ಟ. ಆಮೇಲೆ ಹಿಂದಿನ ಕೋಣೆಯ ಕಡೆ ತಿರುಗಿ, ಕಾಣದ ವೀರಮ್ಮಾಳಿಗೆ ತಮಿಳಿನಲ್ಲಿ ಹೇಳಿದ, ಓಡೈಪಟ್ಟಿಯಲ್ಲಿ ಕೊಂಬೆ ಕತ್ತರಿಸುವ ಕೆಲಸ ಶುರುವಾಗಿದೆಯಂತೆ ಅಕ್ಕಾ, ನೀವು ಇಲ್ಲಿದ್ದರೆ ಹೇಗೆ, ನಾವೇ ಕತ್ತರಿಸಬೇಕಾಗುತ್ತದೆ. ಸೀರೆಯನ್ನು ಮಗ್ಗದ ಮೇಲೆ ಇಟ್ಟ. ಇದು ತೇನ್‌ಮೊಳಿಗೆ, ಹಸಿರು ಅವಳಿಗೆ ಒಪ್ಪುತ್ತದೆ ಅಂದು ಹೋದ.

ಪಾಪಮ್ಮಾಳ್ ಆ ಸೀರೆಯನ್ನು ಕೋಲಿನಿಂದ ಎತ್ತಿ ಹೊರಗೆ ಎಸೆದಳು. ವೀರಮ್ಮಾಳ್ ಕೋಣೆಯಲ್ಲಿ ಕೂತು ಯೋಚಿಸಿದಳು. ಚಿನ್ನಾಳಪಟ್ಟಿಯ ಈ ಮನೆ ಗೊತ್ತಿದ್ದದ್ದು ಯಾರಿಗೆ? ವಕೀಲೆಗೆ ದಿಂಡಿಗಲ್ಲಿನ ಹತ್ತಿರ ಎಲ್ಲೋ ಇದ್ದೇನೆ ಎಂದಷ್ಟೇ ಹೇಳಿದ್ದಳು. ಮಗಳಿಗೂ ಹೇಳಿರಲಿಲ್ಲ. ಪಾಪಮ್ಮಾಳ್ ಮನೆ ಬಿಟ್ಟು ಕದಲಿರಲಿಲ್ಲ. ಉಳಿದವನು ಲೋಗೇಶ್. ಡ್ರೈವರನ ಹೆಸರು ಅವಳ ಎಣಿಕೆಗೇ ಬರಲಿಲ್ಲ. ಅವನು ಅವಳನ್ನು ನೇಕಾರರ ಸೊಸೈಟಿಯ ಮೂಲೆಯಲ್ಲಿ ಇಳಿಸಿ ಹೋಗಿದ್ದ. ಮನೆ ಯಾವುದು, ಯಾರದು ಎಂದು ತೀರ್ಮಾನವಾದದ್ದು ಅವನಿಗೆ ತಿಳಿಯದ ಮಾತಿನಲ್ಲಿ.

ಸಂಜೆ ಲೋಗೇಶ್ ಕಾರು ತಂದು ಅವಳನ್ನು ಹತ್ತಿಸಿಕೊಂಡ. ದಾರಿಯಲ್ಲಿ ಟೀ ಕುಡಿಯಲು ಅವನು ಇಳಿದಾಗ ಕರುಪ್ಪಸಾಮಿ ಕನ್ನಡಿಯಲ್ಲಿ ಅವಳನ್ನು ನೋಡಿದ. ನಾನು ಹೇಳಬಾರದು ಅಕ್ಕಾ, ಅಂದ. ಹೇಳಬಾರದು ಅಂದವನು ಹೇಳಿಯೇ ಹೇಳುತ್ತಾನೆ. ಲೋಗೇಶ್ ಸಾರ್‌ಗೆ ಕ್ವಾರಿಯ ಆಫೀಸಿನಿಂದ ಫೋನು ಬರುತ್ತದೆ, ಕಾರಿನಲ್ಲೇ ಎರಡು ಮೂರು ಸಲ ಮಾತಾಡಿದರು, ಏನು ವಿಷಯವೋ ನನಗೆ ಗೊತ್ತಿಲ್ಲ ಎಂದ.

ಲೋಗೇಶ್ ಕೈಯಲ್ಲಿ ಟೀ ಲೋಟ ಹಿಡಿದು ಬಂದು ಅವಳಿಗೆ ಕೊಟ್ಟ. ಅವಳು ಅವನ ಕೈಯನ್ನು ನೋಡಿದಳು. ಚಿಕ್ಕಂದಿನಲ್ಲಿ ಹಣ್ಣು ಕದ್ದು ಮೂವರೂ ಸಿಕ್ಕಿಬಿದ್ದರೆ ಏಟು ಬೀಳುತ್ತಿದ್ದದ್ದು ಅವಳಿಗೆ, ಅಳಗನಿಗೆ. ಲೋಗೇಶ್ ಹೇಗೋ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದ. ಆಗ ಅದು ತಮಾಷೆಯಾಗಿತ್ತು.

ಪರೀಕ್ಷೆ ಮಾಡಿಯೇ ಬಿಡೋಣ ಎಂದು, ಕಾರು ಹೊರಟ ಮೇಲೆ ಅವನಿಗೆ ಕನ್ನಡದಲ್ಲಿ ಹೇಳಿದಳು. ನಾನು ಪಳನಿಗೆ ಹೋಗುತ್ತೇನೆ. ಬೆಟ್ಟದ ಬುಡದ ಬಸ್ ಸ್ಟ್ಯಾಂಡಿನಲ್ಲಿ ಬಿಡಿ. ಯಾವ ಛತ್ರ ಎಂಬುದನ್ನೂ ತಿಳಿಸಿ, ನಿನ್ನ ಹೊರತು ಇದು ಯಾರಿಗೂ ಗೊತ್ತಾಗಬಾರದು ಎಂದೂ ಸೇರಿಸಿದಳು.

ಪಳನಿಯ ಆ ಛತ್ರದ ಊಟದ ಪಂಕ್ತಿಯಲ್ಲಿ ಮರುದಿನ ಅವಳ ಎದುರು ಇಬ್ಬರು ಕೂತರು. ತಲೆ ಬೋಳಿಸಿ, ಬೋಳಿಗೆ ಗಂಧ ಮೆತ್ತಿಕೊಂಡಿದ್ದರು. ಊರಿಡೀ ಬೋಳುತಲೆಗಳೇ ಇರುವಲ್ಲಿ ಯಾರನ್ನು ಅಂತ ನೆನಪಿಟ್ಟುಕೊಳ್ಳುವುದು! ಒಬ್ಬ ತನ್ನ ಎಲೆಯ ಅಪ್ಪಳವನ್ನು ತೆಗೆದು ಅವಳ ಎಲೆಗೆ ಹಾಕಿದ. ತೇನ್‌ಮೊಳಿಯ ಹಾಸ್ಟೆಲಿನಲ್ಲಿ ಊಟ ಚೆನ್ನಾಗಿಲ್ಲವಂತಲ್ಲ ಅಕ್ಕಾ, ಅವಳನ್ನೂ ಕರೆದುಕೊಂಡು ಬರಬಹುದಿತ್ತು ಎಂದ. ಅವಳು ಆ ಅಪ್ಪಳವನ್ನು ಮುರಿದು ತಿಂದಳು.

ಫೋನು ಮಾಡಿ ಲೋಗೇಶನನ್ನು ಕರೆಸಿದಳು. ಗಿರಿಯ ಬುಡದಲ್ಲಿ, ಪಂಚಾಮೃತದ ಅಂಗಡಿಗಳ ಸಾಲಿನ ಹಿಂದೆ, ಜನ ತಿರುಗಾಡುವ ಕಡೆಯೇ ನಿಂತಳು. ಅವಳಿಗೆ ಅವನ ಜತೆ ಮರೆಯಲ್ಲಿ ನಿಲ್ಲಲು ಭಯವಾಗಿತ್ತು. ಅಳಗನಂಥ ಮೂರನೆಯವನಿದ್ದರೆ ಇಂಥ ಭಯ ಬರುತ್ತಿರಲಿಲ್ಲ.

"ಕ್ವಾರಿಯೋರು ನಿಂಗ್ಯಾಕ್ಲಾ ಪೋನ್ ಮಾಡ್ತಾರೆ?"

ಅವನು ಕೇಳಿಸದವನಂತೆ ಅಂಗಡಿಯ ಕಡೆ ನೋಡಿದ. ಅವಳು ಇನ್ನೊಂದು ಸಲ ಕೇಳಿದಳು.

"ಪಂದಲ್ ಕಲ್ಲುಕಂಬ," ಅಂದ. "ಅಲ್ಲಿಂದ ತರ್ಸಿ ತೋಟದೋರ್ಗೆ ಮಾರ್ತೀನಿ. ವರ್ಸ ಮೂರಾಯ್ತು. ಪರ್ಮಿಟ್ಟಿಲ್ದ ಕಲ್ಲು."

"ಅಳಗುಂಗ್ ಗೊತ್ತಿತ್ತಾ?"

"ಗೊತ್ತಿತ್ತು. ಉಗುದ. ಬುಡ್ತೀನಿ ಅಂದಿದ್ದೆ."

"ಬುಟ್ಯಾ?"

"ಬುಡ್ಲಿಲ್ಲ."

"ಅಂಗಾದ್ರೆ ನನ್ನೂ ಮಾರ್ದೆ. ಕಲ್ಲುಕಂಬುದ್ ಜತ್ಗೆ."

ಲೋಗೇಶನ ಮುಖ ಕೆಂಪಗಾಗಲಿಲ್ಲ, ಬಿಳಿಚಿತು. ಕಲ್ಲು ಮಾರಿದ್ದು ಹೌದು, ನಿನ್ನ ವಿಷಯ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಬೇಕಾದರೆ ಈ ಬೆಟ್ಟ ಹತ್ತಿ ದೀಪ ಆರಿಸಿ ಆಣೆ ಮಾಡುತ್ತೇನೆ ಅಂದ. ಅವಳು ನಕ್ಕಳು. ನೀನು ಆಣೆ ಮಾಡುವುದರಲ್ಲಿ ಯಾವತ್ತು ಹಿಂದೆ ಬಿದ್ದಿದ್ದೀ ಅಂದಳು. ಇನ್ನು ಮೇಲೆ ನನ್ನ ಹತ್ತಿರ ಬರಬೇಡ, ಬಂದರೆ ಕೊಂಬೆ ಕತ್ತರಿಸುವ ಕತ್ತರಿ ನನ್ನ ಚೀಲದಲ್ಲೇ ಇದೆ ಎಂದಳು. ಅವನು ಕಾರನ್ನೂ ಹತ್ತದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ಸಂಘದಲ್ಲೂ ನಮ್ಮೆಲ್ಲರ ಮಾತು ಅದೇ ಆಗಿತ್ತು. ಮಂಡಿಯವನು, ಕಮಿಷನ್ ತಿನ್ನುವವನು, ಕ್ವಾರಿಯ ಕಲ್ಲು ಮಾರುವವನು. ಅವನನ್ನು ಬಿಟ್ಟರೆ ಇನ್ಯಾರು? ವಕೀಲೆಯೂ ಅವನನ್ನು ದೂರ ಇಡಲು ಹೇಳಿದರು. ಯಾರನ್ನು ದ್ವೇಷಿಸುವುದು ಸುಲಭವೋ ಅವರ ಮೇಲೆ ಸಂಶಯ ಪಡುವುದೂ ಸುಲಭ.

ಕರುಪ್ಪಸಾಮಿ ಮಾತ್ರ ಹೋಗಲಿಲ್ಲ. ಕಾರಿನ ಪಕ್ಕ ನಿಂತು, ನಾನು ಅವರ ಆಳಲ್ಲ ಅಕ್ಕಾ, ಬಾಡಿಗೆ ಗಾಡಿಯವನು, ನಿಮ್ಮನ್ನು ಕೋರ್ಟಿನ ಬಾಗಿಲಿಗೆ ಬಿಡುವುದು ನನ್ನ ಕೆಲಸ, ಬಾಡಿಗೆ ಆಮೇಲೆ ನೋಡೋಣ ಎಂದ. ವೀರಮ್ಮಾಳಿಗೆ ಆ ಹೊತ್ತು ನಂಬುವುದಕ್ಕೆ ಒಬ್ಬರು ಬೇಕಿತ್ತು. ಇವನು ಸಿಕ್ಕ. ಅವನೇ ಅವಳನ್ನು ದಿಂಡಿಗಲ್ಲಿನ ವಕೀಲೆಯ ಮನೆಗೆ ಮುಟ್ಟಿಸಿದ. ಆ ಬೀದಿಯಲ್ಲಿ ಪೊಲೀಸ್ ವಸತಿ ಇದ್ದದ್ದಕ್ಕೋ ಏನೋ, ಅಲ್ಲಿಗೆ ಯಾರೂ ಬರಲಿಲ್ಲ.

ಕೋರ್ಟಿನ ದಿನ ಬಂತು. ಮುತ್ತುಸೆಲ್ವಿ ಬೇರೆ ಕೇಸಿಗಾಗಿ ಹಿಂದಿನ ದಿನವೇ ತೇನಿಗೆ ಹೋಗಿದ್ದರು. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗಲು ಧೈರ್ಯ ಬರದೆ ವೀರಮ್ಮಾಳ್ ಅವಳನ್ನೂ ಕರೆದುಕೊಂಡಳು. ಬಿಸಿಲು ಏರುವ ಹೊತ್ತಿಗೆ ಕರುಪ್ಪಸಾಮಿಯ ಕಾರಿನಲ್ಲಿ ಮೂವರೂ ದಿಂಡಿಗಲ್ ಬಿಟ್ಟರು. ಸೆಂಪಟ್ಟಿ ದಾಟಿದರು. ರಸ್ತೆಯ ಎರಡೂ ಕಡೆ ತೆಂಗು, ಬಾಳೆ, ಎಡಗಡೆ ದೂರದಲ್ಲಿ ಬೋಳುಗುಡ್ಡ. ಯಾವ ಬೈಕು ಹಿಂದೆ ಬಂದರೂ ವೀರಮ್ಮಾಳ್ ತಿರುಗಿ ನೋಡುತ್ತಿದ್ದಳು.

ವಕೀಲೆಯ ಮನೆಯಲ್ಲಿ ಎರಡೆರಡು ಲೋಟ ಕಾಫಿ ಕುಡಿದದ್ದು ಈಗ ತೊಂದರೆ ಕೊಡುತ್ತಿತ್ತು. ಮಗಳ ಕಡೆ ಬಗ್ಗಿ, ನನಗೆ ಒಂದಕ್ಕೆ ಹೋಗಬೇಕು, ತಡೆಯೋಕಾಗ್ತಿಲ್ಲ, ಗಂಡಸಿನ ಹತ್ತಿರ ಹೇಗೆ ಕೇಳೋದು, ವತ್ತಲಗುಂಡು ಬರಲಿ ಎಂದು ಕನ್ನಡದಲ್ಲಿ ಹೇಳಿದಳು. ತೇನ್‌ಮೊಳಿ ತಮಿಳಿನಲ್ಲಿ, ಸುಮ್ಮನೆ ಇರಮ್ಮಾ ಎಂದು ಕಿಟಕಿಯ ಕಡೆ ತಿರುಗಿದಳು.

ಸ್ವಲ್ಪ ದೂರ ಹೋದ ಮೇಲೆ ಕಾರು ನಿಧಾನವಾಯಿತು. ಒಂದು ಪೆಟ್ರೋಲ್ ಬಂಕಿನೊಳಕ್ಕೆ ತಿರುಗಿತು.

"ಅಕ್ಕಾ, ಇಂಗೆ ಬಾತ್ರೂಮ್ ಇರುಕ್ಕು," ಅಂದ ಕರುಪ್ಪಸಾಮಿ. "ಪೋಯಿಟ್ಟು ವಾಂಗ."

ಇಲ್ಲಿ ಬಾತ್ರೂಮ್ ಇದೆ, ಹೋಗಿ ಬನ್ನಿ ಎಂಬ ಮೆತ್ತಗಿನ ಸ್ವರ. ಮರ್ಯಾದಸ್ಥನ ಮಾತು. ವೀರಮ್ಮಾಳ್ ಬಾಗಿಲಿಗೆ ಕೈ ಹಾಕಿದವಳು ಹಾಗೇ ತಡೆದಳು. ಗಾಡಿಗೆ ಡೀಸೆಲ್ ಬೇಕಿರಲಿಲ್ಲ. ಬಾತ್ರೂಮಿನ ಮಾತನ್ನು ತಮಿಳಿನಲ್ಲಿ ಯಾರೂ ಆಡಿರಲಿಲ್ಲ. ಹೆಂಗಸಿನ ಕಷ್ಟ ನೋಡಲಾರದೆ ನಿಲ್ಲಿಸಿದ್ದ, ಅದೊಂದು ಒಳ್ಳೆಯತನ ಅವನಲ್ಲಿ ಉಳಿದಿತ್ತೇನೋ.

ಅವಳು ಇಳಿಯಲಿಲ್ಲ. ಅವನ ಹಿಂಗತ್ತನ್ನು ನೋಡುತ್ತ, ತೋಟದಲ್ಲಿ ಹೆಂಗಸರಿಗೆ ಹೇಳುವ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ ಮಗಳಿಗೆ ಹೇಳಿದಳು.

"ಅಲ್ಲಾಡ್ಬ್ಯಾಡ. ಅವುನ್ ಕಾಲರ್ ಮ್ಯಾಲೆ ಕಡಜ ಕೂತದೆ."

ಕರುಪ್ಪಸಾಮಿಯ ಕೈ ಸ್ಟೀರಿಂಗಿನಿಂದ ಎದ್ದು ಕತ್ತಿಗೆ ಹೋಯಿತು. ಅರ್ಧದಲ್ಲಿ ನಿಂತು, ತಲೆಗೂದಲನ್ನು ಸರಿಮಾಡಿಕೊಂಡಂತೆ ಮಾಡಿ ಕೆಳಗಿಳಿಯಿತು.

ಬಾತ್ರೂಮಿನ ತಗಡಿನ ಬಾಗಿಲ ಹಿಂದೆ ವೀರಮ್ಮಾಳ್ ಮಗಳ ಕೈ ಹಿಡಿದುಕೊಂಡು ಗೋಡೆಗೆ ಒರಗಿದಳು. ಚಿನ್ನಾಳಪಟ್ಟಿ, ಪಳನಿ, ಛತ್ರದ ಹೆಸರು, ತೇನ್‌ಮೊಳಿಯ ಹಾಸ್ಟೆಲಿನ ಊಟ, ಎಲ್ಲವನ್ನೂ ಆ ಹಿಂದಿನ ಸೀಟಿನಲ್ಲಿ ಕೂತು ತಾನೇ ಆ ಕಿವಿಗಳಿಗೆ ಸುರಿದಿದ್ದಳು. ಆಮೇಲೆ ತಿಳಿದುಬಂದದ್ದು ಇಷ್ಟು. ಕರುಪ್ಪಸಾಮಿ ಮೊದಲು ಕಲ್ಲಿನ ಲಾರಿ ಓಡಿಸುತ್ತಿದ್ದ. ತಾಳವಾಡಿಯ ದಾರಿಯಲ್ಲಿ ಚಾಮರಾಜನಗರಕ್ಕೆ ವರ್ಷಗಟ್ಟಲೆ ಹೋಗಿಬಂದಿದ್ದ. ಲಾರಿಯ ಮಾಲೀಕ ಬೇರೆ ಯಾರೂ ಅಲ್ಲ, ಇದೇ ಕ್ವಾರಿ ಮುದಲಾಳಿ. ಲೋಗೇಶ್ ಬಾಡಿಗೆ ಕಾರು ಹುಡುಕುತ್ತಿದ್ದಾನೆ ಎಂದು ತಿಳಿದು ಇವನನ್ನು ಅವನ ದಾರಿಗೆ ತಂದು ನಿಲ್ಲಿಸಿದ್ದ. ಮೊದಲು ಹೆದರಿಸುವುದು, ಹೆದರದಿದ್ದರೆ ಕೋರ್ಟಿನ ದಿನ ದಾರಿ ತಿರುಗಿಸುವುದು ಎಂದು ಅವರ ಲೆಕ್ಕ.

ಆಗ ಅವಳಿಗೆ ಅದೆಲ್ಲ ಗೊತ್ತಿರಲಿಲ್ಲ. ಇವನು ಎಲ್ಲಿಗೆ ಕರೆದೊಯ್ಯುತ್ತಿದ್ದಾನೆ, ತೇನಿಗೆ ಮುಂಚೆ ಎಲ್ಲಿ ತಿರುಗಿಸುತ್ತಾನೆ ಎಂಬುದೂ ಗೊತ್ತಿರಲಿಲ್ಲ. ಬಂಕಿನಲ್ಲಿ ಇದ್ದದ್ದು ಒಬ್ಬ ಮುದುಕ. ಅಲ್ಲೇ ಕೂಗಾಡಿದರೆ ಕಾರಿನವನು ಇಬ್ಬರನ್ನೂ ಎಳೆದು ಹಾಕಿಕೊಂಡರೂ ಕೇಳುವವರಿಲ್ಲ. ಪೇಟೆ ಸೇರಬೇಕು. ಸೇರುವವರೆಗೆ ಅವನು ಸುಮ್ಮನಿರಬೇಕು.

ವಾಪಸು ಬಂದು ಕೂತು, ಕಾರು ರಸ್ತೆಗೆ ಬಂದ ಮೇಲೆ, ಮೊದಲಿನಷ್ಟೇ ಗಟ್ಟಿಯಾಗಿ ಕನ್ನಡದಲ್ಲಿ ಮಾತು ತೆಗೆದಳು. ಅಳಗ ಸಾಯುವ ಮುಂಚೆ ಕ್ವಾರಿಯದೆಲ್ಲ ವಿಡಿಯೋ ಮಾಡಿದ ಫೋನು ತೇನಿಯ ದಾರಿಯ ಪೆರಿಯಕುಳದಲ್ಲಿ ಒಬ್ಬರ ಹತ್ತಿರ ಇದೆ, ಮೊದಲು ಅಲ್ಲಿ ಇಳಿದು ಅದನ್ನು ಇಸಿದುಕೊಂಡೇ ಕೋರ್ಟಿಗೆ ಹೋಗುವುದು, ಅದು ಸಿಕ್ಕರೆ ನನ್ನ ಸಾಕ್ಷಿಗಿಂತ ಅದೇ ಹೆಚ್ಚು ಎಂದಳು. ಅಂಥ ಫೋನು ಇರಲೇ ಇಲ್ಲ. ಅಳಗನ ಹತ್ತಿರ ಇದ್ದದ್ದು ಬಟನ್ನಿನ ಫೋನು. ತೇನ್‌ಮೊಳಿ ಹುಟ್ಟಿದ ಮೇಲೆ ಮೊದಲ ಬಾರಿ ತಾಯಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು, ತಡವರಿಸುತ್ತ.

"ಔದು ಅಮ್ಮಾ. ಅದ್ನ ಬುಟ್ಟು ಓಗ್ಬಾರ್ದು."

ಸ್ವಲ್ಪ ಹೊತ್ತಿಗೆ ಕರುಪ್ಪಸಾಮಿ ಟೈರ್ ನೋಡುತ್ತೇನೆ ಎಂದು ಕಾರನ್ನು ಪಕ್ಕಕ್ಕೆ ಹಾಕಿ ಇಳಿದ. ಹಿಂದೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ವತ್ತಲಗುಂಡಿನ ಬಜಾರು ಬಂದಾಗ ವೀರಮ್ಮಾಳ್ ತಮಿಳಿನಲ್ಲಿ, ವೀಳ್ಯದೆಲೆ ಕೊಂಡು ಬರುತ್ತೇನೆ, ಕೋರ್ಟಿನ ಕೆಲಸ ಮುಗಿಸಿ ಮಾರಿಯಮ್ಮನಿಗೆ ಹೋಗಬೇಕು ಅಂದಳು. ಅವನು ನಗುತ್ತ ತಲೆಯಾಡಿಸಿದ. ಪೆರಿಯಕುಳದವರೆಗೆ ಅವಳು ಓಡಿಹೋಗಲು ಕಾರಣವೇ ಇರಲಿಲ್ಲ ಅವನ ಪಾಲಿಗೆ.

ಎಲೆಯ ಮಂಡಿಯ ಒದ್ದೆ ಗೋಣಿಗಳ ಸಂದಿಯಲ್ಲಿ ನುಗ್ಗಿ, ಹಿಂದಿನ ಬಾಗಿಲಿನಿಂದ ಇನ್ನೊಂದು ಬೀದಿಗೆ ಬಂದು, ತಾಯಿ ಮಗಳು ಒಂದು ಮರೆಯಲ್ಲಿ ನಿಂತರು. ವಕೀಲೆಯ ಫೋನು ಆಫ್. ಕೋರ್ಟಿನೊಳಗಿದ್ದರು. ಬಸ್ಸು ಹತ್ತೋಣ ಎಂ‌ದಳು ಮಗಳು. ಬಸ್ಸು ಪೆರಿಯಕುಳದ ಮೇಲೆಯೇ ಹೋಗಬೇಕು, ಮತ್ತು ಅಲ್ಲಿಗೆ ಜನ ಬಂದು ನಿಲ್ಲುವಂತೆ ಮಾಡಿದವಳು ತಾನೇ. ಉಳಿದದ್ದು ಒಂದೇ ನಂಬರು. ಅದನ್ನು ಒತ್ತುವ ಮುಂಚೆ ಅವಳು ಬಹಳ ಹೊತ್ತು ಫೋನನ್ನೇ ನೋಡಿದಳು. ಡ್ರೈವರ್ ಕೆಟ್ಟವನಾದ ಮಾತ್ರಕ್ಕೆ ಲೋಗೇಶ್ ಒಳ್ಳೆಯವನಾಗಿಬಿಡಲಿಲ್ಲ. ಆ ಡ್ರೈವರನನ್ನು ತಂದವನೇ ಅವನು.

"ಏನು ಎತ್ತ ಅಂತ ಕೇಳ್ಬೇಡ," ಎಂದಳು. "ಕರುಪ್ಪಸಾಮಿಗೆ ನಮ್ ಮಾತು ಗೊತ್ತು. ಕಾರು ಬುಟ್ಟು ಇಳ್ದಿವ್ನಿ. ವತ್ತಲಗುಂಡು, ಎಲೆ ಮಂಡಿ ತಾವ."

ಆ ಕಡೆ ಲೋಗೇಶ್ ಏನೋ ಗೊಣಗಿದ. ಅವನು ಬೈದುಕೊಂಡನೋ, ಅತ್ತನೋ.

"ನಮ್ ಲಾರಿ ತಿರ್ಚಿಗ್ ಅಣ್ಣು ಆಕಿ ಖಾಲಿ ಬತ್ತಾ ಅದೆ," ಎಂದ ಆಮೇಲೆ. "ಎಲೆ ಮಂಡಿ ಇಂದ್ಗಡೆ ನಿಲ್ಸುಸ್ತೀನಿ. ಟ್ರೇ ಮಧ್ಯ ಕೂತ್ಕೊಳಿ. ಟಾರ್ಪಾಲ್ ತಗೀಬ್ಯಾಡಿ."

ಲಾರಿ ಬಂತು. ಅದರ ಡ್ರೈವರ್ ಅವಳು ಯಾವತ್ತೂ ಕಾಣದವನು, ಬೀಡಿ ಬಾಯಲ್ಲಿಟ್ಟುಕೊಂಡು, ಹತ್ತಿ ಎನ್ನುವಂತೆ ತಲೆ ಹಿಂದಕ್ಕೆ ಆಡಿಸಿದ. ತೇನ್‌ಮೊಳಿ ತಾಯಿಯ ಮುಖ ನೋಡಿದಳು. ಹತ್ತಬೇಕೋ ಬೇಡವೋ ಎಂದು ಹೇಳಲು ತಾಯಿಗೆ ಆ ಗಳಿಗೆಯಲ್ಲಿ ಯಾವ ಆಧಾರವೂ ಇರಲಿಲ್ಲ. ಹತ್ತಿದರು.

ಖಾಲಿ ಟ್ರೇಗಳ ನಡುವೆ, ಹುಳಿತ ರಸದ ವಾಸನೆಯಲ್ಲಿ, ಟಾರ್ಪಾಲಿನ ಕೆಳಗೆ ಇಬ್ಬರೂ ಮೊಣಕಾಲು ಮಡಿಸಿ ಕೂತರು. ದೇವದಾನಪಟ್ಟಿ ದಾಟಿದ್ದು ಗೊತ್ತಾಯಿತು. ಪೆರಿಯಕುಳದ ಪೇಟೆಯಲ್ಲಿ ಲಾರಿ ನಿಧಾನವಾಯಿತು. ಆಮೇಲೆ ನಿಂತೇ ಬಿಟ್ಟಿತು.

ವೀರಮ್ಮಾಳ್ ಟಾರ್ಪಾಲಿನ ತೂತಿಗೆ ಕಣ್ಣು ಹಚ್ಚಿದಳು. ಮುಂದೆ ತೇನಿಯ ಬಸ್ಸು ನಿಂತಿತ್ತು. ಪಳನಿಯಲ್ಲಿ ಅಪ್ಪಳ ಬಡಿಸಿದ ಬೋಳುತಲೆಯವನು ಬಸ್ಸಿನೊಳಗೆ ಒಂದೊಂದು ಸೀಟನ್ನೂ ನೋಡಿಕೊಂಡು ಹಿಂದಕ್ಕೆ ಬರುತ್ತಿದ್ದ. ಇಸ್ತ್ರಿ ಶರ್ಟಿನವನು ರಸ್ತೆಯಲ್ಲಿ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. ಫೋನು ಕಿವಿಯಿಂದ ತೆಗೆದು ನೇರವಾಗಿ ಲಾರಿಯ ಹತ್ತಿರ ಬಂದ. ಅವಳು ಚೀಲದಿಂದ ಕತ್ತರಿ ತೆಗೆದು ಹಿಡಿದಳು. ಲೋಗೇಶ್ ತನ್ನನ್ನು ಮಾರಿದ್ದರೆ ಈಗ ಡ್ರೈವರ್ ಇಳಿದು ಟಾರ್ಪಾಲಿನ ಹಗ್ಗ ಬಿಚ್ಚುತ್ತಾನೆ. ಬಿಚ್ಚಿದವನ ಕೈಯನ್ನಾದರೂ ಬಿಡಬಾರದು ಎಂದುಕೊಂಡಳು.

ಹಿಂದೆ ಏನಿದೆ ಎಂದು ಶರ್ಟಿನವನು ಕೇಳಿದ್ದು ಕೇಳಿಸಿತು. ಲಾರಿಯವನು ಬೀಡಿ ತೆಗೆಯದೆ ಉತ್ತರ ಕೊಟ್ಟ, ಖಾಲಿ ಟ್ರೇ, ಕಡಜ ಬೇಕಾದಷ್ಟಿದೆ, ಬೇಕಾದರೆ ಹತ್ತಿ ನೋಡಿ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಶರ್ಟಿನವನು ಟಾರ್ಪಾಲಿನ ಕಡೆ ಒಂದು ಸಲ ನೋಡಿ, ತನ್ನ ಶರ್ಟಿನ ಬಿಳಿ ತೋಳನ್ನೂ ನೋಡಿಕೊಂಡು, ಹಿಂದೆ ಸರಿದ. ಲಾರಿ ಹೊರಟಿತು.

ತೇನಿಯಲ್ಲಿ ಅವಳು ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಸೀರೆಯೆಲ್ಲ ದ್ರಾಕ್ಷಿಯ ಕಲೆ. ಲಾರಿ ಹಿಂದಕ್ಕೆ ಬಂದದ್ದನ್ನು ಹೇಳಿದಳು. ಕ್ವಾರಿಯವರಿಗೂ ಸತ್ತವನಿಗೂ ಏನು ಜಗಳ ಎಂದು ಕೇಳಿದರು. ಪರ್ಮಿಟ್ಟಿಲ್ಲದ ಕಲ್ಲಿನ ಮಾತು ಬಂತು. ಆ ಕಲ್ಲನ್ನು ಯಾರು ಕೊಳ್ಳುತ್ತಿದ್ದರು ಎಂದು ಕೇಳಿದರು. ಅವಳು ಲೋಗೇಶನ ಹೆಸರು ಹೇಳಿದಳು.

ಹೊರಗೆ ಬೇವಿನ ಮರದ ಕೆಳಗೆ ಅವನು ಬೈಕಿನ ಮೇಲೆ ಕೂತಿದ್ದ. ಅವಳು ಹತ್ತಿರ ಹೋಗಿ, ನಿನ್ನ ಹೆಸರನ್ನೂ ಹೇಳಿದೆ ಅಂದಳು. ಅವನು ಗೊತ್ತು ಎನ್ನುವಂತೆ ತಲೆಯಾಡಿಸಿದ. ತೇನ್‌ಮೊಳಿಗೆ ಊಟ ಆಯಿತಾ ಎಂದು ಕೇಳಿದ. ಆಮೇಲೆ ಕೇಳಲೋ ಬೇಡವೋ ಎಂದು ಬೈಕಿನ ಕೀಲಿಯನ್ನು ತಿರುವುತ್ತ ಇದ್ದ.

"ಲಾರಿ ಅತ್ತೋವಾಗ ನನ್ ನಂಬ್ದ್ಯಾ?"

"ಇಲ್ಲ," ಎಂದಳು ವೀರಮ್ಮಾಳ್. "ಪೆರಿಯಕುಳ ದಾಟೋಗಂಟ ಕತ್ರಿ ಕೈಲೇ ಇತ್ತು."

ಲೋಗೇಶ್ ಕೀಲಿಯನ್ನು ಜೇಬಿಗೆ ಹಾಕಿದ. ಮಂಡಿ ಮುಚ್ಚಿಸುತ್ತಾರೆ, ದಂಡ ಹಾಕುತ್ತಾರೆ, ಜೈಲಿಗೂ ಹೋಗಬೇಕಾಗಬಹುದು ಎಂದು ಅವನಿಗೆ ಗೊತ್ತಿತ್ತು. ತನ್ನ ಮಾತನ್ನೂ ಬರೆಸಬೇಕು, ವಕೀಲಮ್ಮ ಎಲ್ಲಿದ್ದಾರೆ ಎಂದು ಕೇಳಿದ. ಅವಳು ಒಳಗಡೆ ಕೈ ತೋರಿಸಿದಳು. ಅವನು ಬೈಕಿನಿಂದ ಇಳಿದು ಮೆಟ್ಟಿಲು ಹತ್ತಿದ. ಅವನು ನಿಜವಾಗಿ ಒಳಗೆ ಹೋಗುತ್ತಾನೋ, ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುತ್ತಾನೋ ಎಂದು ವೀರಮ್ಮಾಳ್ ಅಲ್ಲೇ ನಿಂತು ನೋಡಿದಳು. ಅವನು ಒಳಗೆ ಹೋದ.